ಕಷ್ಟದೊಳಗ ದೇವರು ಎಲ್ಲಿರ್ತಾನ?



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಂಘಗಳ ಸಭೆಗೆ ನಾವು ಬಂದಾಗ ಉಳಿತಾಯ, ಸಾಲ, ಹಾಜರಿ ಎಲ್ಲಾ ಮುಗಿದ ಮೇಲೆ, ಚಹಾ ಕುಡಿಯುವ ಹೊತ್ತಿಗೆ, ಯಾರಾದರೂ ಒಬ್ಬರು ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತೀರಿ. "ಸಿಸ್ಟರ್, ದೇವರು ಅದಾನಂದ್ರ ನಮಗ ಯಾಕ ಹಿಂಗ ಮಾಡ್ತಾನ್ರಿ?" ಗಂಡನನ್ನು ಕಳೆದುಕೊಂಡವರು ಕೇಳಿದ್ದಾರೆ. ಹೊಳೆ ಬಂದು ಮನೆ ಬಿದ್ದವರು ಕೇಳಿದ್ದಾರೆ. ಸಾಲದವರ ಕಾಟಕ್ಕೆ ಹೆದರಿ ಮನೆಯ ಬಾಗಿಲು ಹಾಕಿಕೊಂಡು ಒಳಗೆ ಕುಳಿತವರೂ ಕೇಳಿದ್ದಾರೆ. ಇದು ಚಹಾ ಆರುವುದರೊಳಗೆ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಅಲ್ಲ. ಆದ್ದರಿಂದ ಈ ಸಲದ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಬರೆಯುತ್ತಿದ್ದೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಸಂಘಗಳಲ್ಲಿ ಎಲ್ಲಾ ಜಾತಿ, ಎಲ್ಲಾ ಧರ್ಮದ ತಾಯಂದಿರು ಇದ್ದಾರೆ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರೂ ಇದ್ದಾರೆ, ದರ್ಗಾಕ್ಕೆ ಹೋಗುವವರೂ ಇದ್ದಾರೆ, ಚರ್ಚಿಗೆ ಬರುವವರೂ ಇದ್ದಾರೆ. ಇಲ್ಲಿ ಬರೆಯುವುದು ಯಾರನ್ನೂ ಒಂದು ಧರ್ಮಕ್ಕೆ ಎಳೆಯುವುದಕ್ಕಲ್ಲ. ನಮ್ಮ ಕಥೋಲಿಕ ಧರ್ಮಸಭೆ ಕಷ್ಟದ ಬಗ್ಗೆ, ದೇವರ ಕರುಣೆಯ ಬಗ್ಗೆ ಏನು ಹೇಳುತ್ತದೆ ಎಂದು ನೀವು ಕೇಳಿದಿರಿ, ನಾವು ಹೇಳುತ್ತೇವೆ. ನಿಮಗೆ ಬೇಕಾದದ್ದನ್ನು ತೆಗೆದುಕೊಳ್ಳಿರಿ.

ಹೊಳಿ ಬಂದದ್ದು ಶಿಕ್ಷೆಯೇ?

2019ರ ಆಗಸ್ಟ್ ತಿಂಗಳು ನಿಮ್ಮಲ್ಲಿ ಯಾರೂ ಮರೆತಿಲ್ಲ. ಘಟ್ಟದಲ್ಲಿ ಮಳೆ ಹಿಡಿದು ಬಿಡಲಿಲ್ಲ. ಹಿಡಕಲ್ ಜಲಾಶಯ ತುಂಬಿತು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಹೊಳೆಗಳು ಒಟ್ಟಿಗೆ ಏರಿದವು. ಗೋಕಾಕ ಊರೊಳಗೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು, ಸಂಕೇಶ್ವರದ ನದಿದಂಡೆಯ ಓಣಿಗಳಲ್ಲಿ ನೀರು ನಿಂತಿತು, ಮೂಡಲಗಿ ತಾಲೂಕಿನ ಹೊಳೆಸಾಲಿನ ಹಳ್ಳಿಗಳ ಜನ ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಿದರು. ಅದೇ ವರ್ಷ ಅಕ್ಟೋಬರದಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲಿನ ದೊಡ್ಡ ಬಂಡೆಗಳು ಉರುಳುತ್ತವೆಂದು ಕೆಳಗಿನ ಓಣಿಯವರು ನಿದ್ದೆಗೆಟ್ಟರು. ಮುಂದೆ 2021ರ ಜುಲೈದಲ್ಲಿ, ಮತ್ತೆ 2024ರ ಜುಲೈದಲ್ಲಿ ನೀರು ಬಂತು.

ಆಗ ಊರಲ್ಲಿ ಕೇಳಿದ ಮಾತುಗಳೂ ನೆನಪಿವೆ. "ಊರಾಗ ಪಾಪ ಹೆಚ್ಚಾಗೇತಿ, ಅದಕ್ಕ ದೇವರು ಮುನಿದಾನ." "ಆ ಮನಿಗೆ ಸೊಸಿ ಕಾಲಿಟ್ಟ ಗಳಿಗೆ ಚಲೋ ಇರಲಿಲ್ಲ." ನೋಡ್ರಿ, ನೀರು ಬಂದದ್ದು ಘಟ್ಟದ ಮಳೆಯಿಂದ, ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ, ಹೊಳೆಯ ಜಾಗದಲ್ಲಿ ನಾವು ಮನೆ ಕಟ್ಟಿಕೊಂಡದ್ದರಿಂದ. ಸೊಸೆಯ ಕಾಲ್ಗುಣಕ್ಕೂ ಹೊಳೆಗೂ ಏನು ಸಂಬಂಧ? ಆದರೂ ಪ್ರತಿ ಸಲ ತಪ್ಪು ಬಂದು ಕೂರುವುದು ಹೆಣ್ಣಿನ ತಲೆಯ ಮೇಲೆಯೇ.

ಇಂಥ ಮಾತಿಗೆ ಯೇಸುಸ್ವಾಮಿ ನೇರವಾಗಿ ಉತ್ತರ ಕೊಟ್ಟಿದ್ದಾರೆ. ಅವರ ಕಾಲದಲ್ಲಿ ಜೆರುಸಲೇಮಿನ ಸಿಲೋವ ಎಂಬಲ್ಲಿ ಒಂದು ಗೋಪುರ ಬಿದ್ದು 18 ಜನ ಸತ್ತರು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೇನು ಎಂದು ಅವರೇ ಕೇಳಿ, ಖಂಡಿತ ಅಲ್ಲ ಎಂದು ಅವರೇ ಹೇಳಿದರು. ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಇದು ಇದೆ. ಇನ್ನೊಮ್ಮೆ ಹುಟ್ಟುಕುರುಡನೊಬ್ಬನನ್ನು ತೋರಿಸಿ ಶಿಷ್ಯರು, ಇದು ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಕೇಳಿದಾಗ, ಎರಡೂ ಅಲ್ಲ ಎಂದರು. ಅಷ್ಟಕ್ಕೇ ಬಿಡಲಿಲ್ಲ, ಅವನಿಗೆ ಕಣ್ಣು ಕೊಟ್ಟರು. ನಮ್ಮ ಸಂಘದ ಅಂಗವಿಕಲ ಮಕ್ಕಳ ತಾಯಂದಿರು ಈ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ಮಗು ನಿಮ್ಮ ಪಾಪದ ಫಲ ಅಲ್ಲ. ಯಾರಾದರೂ ಹಾಗೆ ಅಂದರೆ ಅದು ದೇವರ ಮಾತಲ್ಲ, ಊರಿನ ಮಾತು.

ಹಾಗಾದರೆ ಕಷ್ಟ ಯಾಕೆ ಬರುತ್ತದೆ? ಇದಕ್ಕೆ ಧರ್ಮಸಭೆ ಒಂದು ಸಾಲಿನ ಉತ್ತರ ಕೊಡುವುದಿಲ್ಲ. 1984ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಮನುಷ್ಯನ ನೋವಿನ ಅರ್ಥದ ಬಗ್ಗೆಯೇ ಒಂದು ದೊಡ್ಡ ಪತ್ರ ಬರೆದರು. ಅವರು ಒಂಬತ್ತು ವರ್ಷ ತುಂಬುವುದರೊಳಗೆ ತಾಯಿಯನ್ನು, ಮುಂದೆ ಅಣ್ಣನನ್ನು, ತಂದೆಯನ್ನು ಕಳೆದುಕೊಂಡವರು, 1981ರಲ್ಲಿ ಗುಂಡೇಟು ತಿಂದು ಬದುಕಿದವರು. ಅಂಥವರು ಕೂಡ ನೋವು ಒಂದು ರಹಸ್ಯ ಎಂದೇ ಹೇಳಿದರು. ಕೆಲವು ಕಷ್ಟ ಪ್ರಕೃತಿಯಿಂದ, ಕೆಲವು ಮನುಷ್ಯರ ದುರಾಸೆಯಿಂದ, ಕೆಲವು ನಮ್ಮ ತಪ್ಪಿನಿಂದ ಬರುತ್ತವೆ. ಇನ್ನು ಕೆಲವು ಯಾಕೆ ಬಂದವೆಂದು ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಆದರೆ ದೇವರು ನಮ್ಮ ನೋವನ್ನು ದೂರ ನಿಂತು ನೋಡುವುದಿಲ್ಲ, ಅದರೊಳಗೇ ಬಂದು ನಿಲ್ಲುತ್ತಾನೆ ಎಂಬುದು ನಮ್ಮ ನಂಬಿಕೆ. ಶಿಲುಬೆಯ ಗುರುತು ಅಂದರೆ ಇದೇ.

ಅಳುವುದು ಪಾಪವೇನು?

"ದೇವರ ಮ್ಯಾಲ ಸಿಟ್ಟು ಬರ್ತೈತಿ ಸಿಸ್ಟರ್, ಹಂಗ ಬರಬಾರದಲ್ರಿ?" ಎಂದು ಹೆದರಿಕೊಂಡು ಕೇಳುವವರಿದ್ದಾರೆ. ಹೆದರಬೇಡಿರಿ. ಬೈಬಲಿನಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಬಹಳಷ್ಟು ಹೊಗಳಿಕೆಯಲ್ಲ, ದೇವರ ಮುಂದೆ ಇಟ್ಟ ತಕರಾರು. ನೀನು ಎಲ್ಲಿಗೆ ಹೋದೆ, ಎಷ್ಟು ದಿನ ನನ್ನನ್ನು ಮರೆಯುತ್ತೀ ಎಂದು ಮುಖ ಕೊಟ್ಟು ಕೇಳಿದವರು ಭಕ್ತರೇ. ಯೇಸುಸ್ವಾಮಿ ಕೂಡ ಗೆಳೆಯ ಲಾಜರನ ಸಮಾಧಿಯ ಮುಂದೆ ಅತ್ತರು. ಅದಕ್ಕೆ ಮೊದಲು ಲಾಜರನ ಅಕ್ಕ ಮಾರ್ತ ಅವರನ್ನು ದಾರಿಯಲ್ಲೇ ತಡೆದು, ನೀವು ಇಲ್ಲಿ ಇದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು ಆಕ್ಷೇಪಣೆ ಮಾಡಿದ್ದಳು. ಅವಳ ಮೇಲೆ ಅವರು ಸಿಟ್ಟಾಗಲಿಲ್ಲ. ತಮ್ಮ ದೊಡ್ಡ ಮಾತುಗಳಲ್ಲಿ ಒಂದನ್ನು, ತಾವೇ ಜೀವ ಎಂಬುದನ್ನು, ಅಂಥ ಸಿಟ್ಟಿನ ಹೆಣ್ಣುಮಗಳಿಗೇ ಹೇಳಿದರು.

ಯೋಬನ ಕಥೆಯಲ್ಲಿ ಇನ್ನೊಂದು ಪಾಠ ಇದೆ, ನೆರೆಹೊರೆಯವರಿಗೆ. ಯೋಬ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲಾ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದ. ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಚಲೋ ಇತ್ತು. ಎಂಟನೇ ದಿನ ಬಾಯಿ ತೆರೆದರು, ನೀನೇನೋ ತಪ್ಪು ಮಾಡಿರಬೇಕು ಅಂದರು, ಎಲ್ಲಾ ಕೆಟ್ಟಿತು! ಕೊನೆಗೆ ದೇವರು ಬೈದದ್ದು ಉಪದೇಶ ಮಾಡಿದ ಗೆಳೆಯರನ್ನು, ಜಗಳ ಮಾಡಿದ ಯೋಬನನ್ನಲ್ಲ. ಸಾವಿನ ಮನೆಗೆ ಹೋದಾಗ "ದೇವರು ಒಳ್ಳೇವ್ರನ್ನ ಬೇಗ ಕರ್ಕೋತಾನ", "ಎಲ್ಲಾ ಹಣೆಬರಹ" ಇಂಥ ಮಾತು ಹೇಳುವುದಕ್ಕಿಂತ ಎರಡು ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಹೋಗಿ ಸುಮ್ಮನೆ ಕೂರುವುದು ಎಷ್ಟೋ ಮೇಲು. ನಮ್ಮ ಹಳ್ಳಿಗಳಲ್ಲಿ ಈ ರೂಢಿ ಮೊದಲಿನಿಂದ ಇದೆ, ಅದನ್ನು ಬಿಡಬಾರದು.

ಶಿಲುಬೆ ಹೊರುವುದು ಅಂದರೆ ಏಟು ತಿನ್ನುವುದಲ್ಲ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಕಷ್ಟ ಸಹಿಸಬೇಕು ಎಂಬ ಬೋಧನೆಯನ್ನು ಬೇಕಾದ ಹಾಗೆ ತಿರುಗಿಸಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರಿದ್ದಾರೆ. ಕುಡಿದು ಬಂದು ಹೊಡೆಯುವ ಗಂಡನಿಂದ ಓಡಿ ಬಂದವಳಿಗೆ "ತಾಳಿಕೋ, ಅದು ನಿನ್ನ ಶಿಲುಬೆ" ಅನ್ನುತ್ತಾರೆ. "ಹೆಣ್ಣು ಭೂಮಿತಾಯಿ ಇದ್ದಂಗ, ತಡಕೋಬೇಕು" ಅನ್ನುತ್ತಾರೆ. ನೋವು ತನ್ನಷ್ಟಕ್ಕೆ ಒಳ್ಳೆಯದು ಎಂದು ಧರ್ಮಸಭೆ ಎಂದೂ ಕಲಿಸಿಲ್ಲ. ಯೇಸುಸ್ವಾಮಿ ಊರೂರು ತಿರುಗಿ ಮಾಡಿದ ಕೆಲಸ ಏನು? ರೋಗಿಗಳ ನೋವು ತೆಗೆದದ್ದು. ಕಲ್ಲು ಹೊಡೆಯಲು ನಿಂತ ಗಂಡಸರ ನಡುವೆ ಸಿಕ್ಕ ಹೆಣ್ಣಿಗೆ ಅಡ್ಡ ನಿಂತದ್ದು. ತಪ್ಪಿಸಲು ಬರುವ ನೋವನ್ನು ತಪ್ಪಿಸಬೇಕು. ತಪ್ಪಿಸಲು ಬಾರದ ನೋವಿನಲ್ಲಿ ದೇವರ ಕೈ ಹಿಡಿಯಬೇಕು. ಈ ಎರಡನ್ನೂ ಕಲಸಬಾರದು.

2016ರಲ್ಲಿ ಜಗದ್ಗುರು ಫ್ರಾನ್ಸಿಸರು ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ, ಹೆಂಡತಿಯನ್ನೋ ಸಣ್ಣ ಮಕ್ಕಳನ್ನೋ ಹಿಂಸೆಯಿಂದ ಉಳಿಸಲು ಬೇರೆಯಾಗಿ ಇರುವುದು ಕೆಲವೊಮ್ಮೆ ಅನಿವಾರ್ಯ, ಧರ್ಮದ ದೃಷ್ಟಿಯಿಂದಲೂ ಅಗತ್ಯ ಆಗಬಹುದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ದೇವರಿಗೆ ಪ್ರಾರ್ಥನೆ ಮಾಡುತ್ತಲೇ 181ಕ್ಕೆ ಫೋನ್ ಮಾಡಬಹುದು. ಒಂದು ಇನ್ನೊಂದಕ್ಕೆ ಅಡ್ಡಿ ಅಲ್ಲ.

ಕರುಣೆ ಅಂದರೆ ಏನು?

ಬಸವಣ್ಣನವರ ನಾಡಿನಲ್ಲಿ ಹುಟ್ಟಿದವರಿಗೆ ದಯೆ ಎಂಬ ಮಾತನ್ನು ಹೊಸದಾಗಿ ಕಲಿಸಬೇಕಿಲ್ಲ. ಬೈಬಲಿನ ಹಳೆಯ ಭಾಗ ಹೀಬ್ರೂ ಭಾಷೆಯಲ್ಲಿದೆ. ಅದರಲ್ಲಿ ಕರುಣೆಗೆ ಬಳಸಿದ ಒಂದು ಶಬ್ದ 'ರಹಮೀಮ್'. ಆ ಶಬ್ದ ಹುಟ್ಟಿದ್ದು 'ರೆಹೆಮ್' ಎಂಬುದರಿಂದ, ಅಂದರೆ ತಾಯಿಯ ಗರ್ಭ. ನಾವು ಕನ್ನಡದಲ್ಲಿ "ಕರುಳು ಚುರುಕ್ ಅಂತು" ಅನ್ನುತ್ತೇವಲ್ಲ, ಅದೇ. ಮಗು ಬಿದ್ದರೆ ತಾಯಿ ಲೆಕ್ಕ ಹಾಕಿ ಓಡುವುದಿಲ್ಲ, ಹೊಟ್ಟೆಯೊಳಗಿಂದ ಸಂಕಟ ಎದ್ದು ಓಡುತ್ತಾಳೆ. ದೇವರು ನಮ್ಮ ಕಡೆಗೆ ಹೀಗೆ ಓಡಿ ಬರುತ್ತಾನೆ ಎಂಬುದೇ ದೈವಿಕ ಕರುಣೆಯ ಬೋಧನೆ. ಮಕ್ಕಳನ್ನು ಹೆತ್ತ ನೀವು ಇದನ್ನು ಪುಸ್ತಕ ಓದಿದವರಿಗಿಂತ ಚೆನ್ನಾಗಿ ಬಲ್ಲಿರಿ.

ಈ ಕರುಣೆಯ ಭಕ್ತಿ ನಮ್ಮ ಚರ್ಚುಗಳಲ್ಲಿ ಹರಡಲು ಕಾರಣಳಾದವಳು ಪೋಲೆಂಡ್ ದೇಶದ ಸಂತ ಫೌಸ್ತಿನಾ. ಅವಳ ಬಾಳು ಕೇಳಿದರೆ ನಮ್ಮ ಹಳ್ಳಿಯ ಹುಡುಗಿಯ ಕಥೆಯಂತೆಯೇ ಇದೆ. 1905ರಲ್ಲಿ ಬಡ ರೈತನ ಮನೆಯಲ್ಲಿ ಹತ್ತು ಮಕ್ಕಳಲ್ಲಿ ಮೂರನೆಯವಳಾಗಿ ಹುಟ್ಟಿದಳು. ಶಾಲೆಗೆ ಹೋದದ್ದು ಮೂರು ವರ್ಷದಷ್ಟು ಮಾತ್ರ. ಸಣ್ಣ ವಯಸ್ಸಿನಲ್ಲೇ ಬೇರೆಯವರ ಮನೆಗೆಲಸಕ್ಕೆ ಹೋದಳು. ಮುಂದೆ ಕಾನ್ವೆಂಟಿಗೆ ಸೇರಿದ ಮೇಲೂ ಅವಳಿಗೆ ಸಿಕ್ಕದ್ದು ಅಡಿಗೆಮನೆ, ತೋಟ, ಬಾಗಿಲು ಕಾಯುವ ಕೆಲಸ. ಕ್ಷಯರೋಗ ಬಂದು 1938ರಲ್ಲಿ 33ನೇ ವಯಸ್ಸಿಗೆ ತೀರಿಕೊಂಡಳು. ಇಂಥವಳಿಗೆ ಯೇಸುಸ್ವಾಮಿ 1931ರಲ್ಲಿ ಕಾಣಿಸಿಕೊಂಡು ತಮ್ಮ ಕರುಣೆಯ ಸಂದೇಶ ಕೊಟ್ಟರೆಂದು ಅವಳು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಎದೆಯಿಂದ ಕೆಂಪು ಮತ್ತು ಬಿಳಿಚಿದ ಎರಡು ಕಿರಣ ಹೊರಡುವ ಯೇಸುವಿನ ಚಿತ್ರ ನೀವು ಚರ್ಚುಗಳಲ್ಲಿ ನೋಡಿರಬಹುದು, ಅದು ಅವಳು ಕಂಡದ್ದರ ಚಿತ್ರ. 2000ನೇ ಇಸವಿ ಏಪ್ರಿಲ್ 30ರಂದು ಎರಡನೆಯ ಜಾನ್ ಪಾಲರು ಅವಳನ್ನು ಸಂತಳೆಂದು ಸಾರಿ, ಪಾಸ್ಕ ಹಬ್ಬದ ಮುಂದಿನ ಭಾನುವಾರವನ್ನು ದೈವಿಕ ಕರುಣೆಯ ಭಾನುವಾರವೆಂದು ಇಡೀ ಧರ್ಮಸಭೆಗೆ ಗೊತ್ತುಮಾಡಿದರು.

ಅವಳ ದಿನಚರಿಯಲ್ಲಿ ನಮಗೆ ಹಿಡಿಸಿದ ಒಂದು ಘಟನೆ ಇದೆ. ಅವಳು ಬಾಗಿಲು ಕಾಯುತ್ತಿದ್ದಾಗ ಮಳೆ-ಚಳಿಯ ದಿನ ಹರಕು ಬಟ್ಟೆಯ ಬಡ ಯುವಕನೊಬ್ಬ ಬಂದು ಬಿಸಿ ಏನಾದರೂ ಕೊಡಿ ಎಂದ. ಅಡಿಗೆಮನೆಯಲ್ಲಿ ಬಡವರಿಗೆಂದು ಇಟ್ಟದ್ದು ತೀರಿತ್ತು. ಹುಡುಕಿ ಸ್ವಲ್ಪ ಸಾರು ಸಿಕ್ಕಿತು, ಕಾಸಿ, ರೊಟ್ಟಿ ಮುರಿದು ಹಾಕಿ ಕೊಟ್ಟಳು. ಅವನು ತಿಂದು ಬಟ್ಟಲು ವಾಪಸ್ ಕೊಟ್ಟಾಗ ಅವನು ಯೇಸುವೇ ಎಂದು ಅವಳಿಗೆ ತಿಳಿಯಿತಂತೆ. ಕರುಣೆಯನ್ನು ಕೆಲಸದಿಂದ ತೋರಿಸಬೇಕು, ಅದು ಆಗದಿದ್ದರೆ ಮಾತಿನಿಂದ, ಅದೂ ಆಗದಿದ್ದರೆ ಪ್ರಾರ್ಥನೆಯಿಂದ ಎಂದು ಅವಳು ಕಲಿತಳು. ಈ ಕ್ರಮ ಗಮನಿಸಿರಿ. ಕೆಲಸ ಮೊದಲು, ಪ್ರಾರ್ಥನೆ ಯಾರಿಗೂ ತಪ್ಪದ್ದು. ಹಾಸಿಗೆ ಹಿಡಿದ ಅಜ್ಜಿಯೂ ಅದನ್ನು ಮಾಡಬಹುದು.

ಭರವಸೆ ಬೇರೆ, ಆಸೆ ಬೇರೆ

ಈ ವರ್ಷ ಕಬ್ಬಿನ ಬಿಲ್ಲು ಚಲೋ ಬರಲಿ ಅನ್ನುವುದು ಆಸೆ. ಬಂದರೂ ಬರಬಹುದು, ಬಾರದಿದ್ದರೂ ಇರಬಹುದು. ಬಾರದಿದ್ದರೂ ನಾನು ಒಬ್ಬಳೇ ಅಲ್ಲ, ನನ್ನ ಬಾಳು ಮುಗಿದಿಲ್ಲ ಅನ್ನುವುದು ಭರವಸೆ. 2007ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಭರವಸೆಯ ಬಗ್ಗೆ ಪತ್ರ ಬರೆದಾಗ ಅದರ ಆರಂಭದಲ್ಲೇ ಒಬ್ಬ ಗುಲಾಮ ಹೆಣ್ಣಿನ ಕಥೆ ಹೇಳಿದರು. ಅವಳ ಹೆಸರು ಬಕಿತಾ, ಆಫ್ರಿಕಾದ ಸುಡಾನ್ ದೇಶದವಳು. ಸುಮಾರು ಒಂಬತ್ತು ವರ್ಷದವಳಿದ್ದಾಗ ಅಪಹರಿಸಿದರು, ಐದು ಸಲ ಸಂತೆಯಲ್ಲಿ ಮಾರಿದರು. ಹೊಡೆತದ 144 ಗಾಯದ ಕಲೆಗಳು ಸಾಯುವ ತನಕ ಅವಳ ಮೈಮೇಲೆ ಇದ್ದವು. ಕೊನೆಗೆ ಇಟಲಿಗೆ ಬಂದು, ತನ್ನನ್ನು ಪ್ರೀತಿಸುವ ಒಬ್ಬ ಒಡೆಯ ಇದ್ದಾನೆ, ಅವನೂ ಏಟು ತಿಂದವನೇ ಎಂದು ಕೇಳಿದಾಗ ಅವಳಿಗೆ ಭರವಸೆ ಹುಟ್ಟಿತು. 1889ರಲ್ಲಿ ಅಲ್ಲಿಯ ನ್ಯಾಯಾಲಯ ಅವಳು ಸ್ವತಂತ್ರಳು ಎಂದು ತೀರ್ಪು ಕೊಟ್ಟಿತು. ಹಳೆಯ ಒಡತಿಯ ಸಂಗಡ ವಾಪಸ್ ಹೋಗಲು ಅವಳು "ಆಗೋದಿಲ್ಲ" ಅಂದಳು. ನೋಡಿರಿ, ಭರವಸೆ ಬಂದ ಹೆಣ್ಣು ಸುಮ್ಮನೆ ಕೂರಲಿಲ್ಲ, ಕೋರ್ಟಿನಲ್ಲಿ ನಿಂತಳು. ಅವಳನ್ನೂ 2000ನೇ ಇಸವಿಯಲ್ಲೇ ಸಂತಳೆಂದು ಸಾರಿದರು, ಫೆಬ್ರವರಿ 8 ಅವಳ ಹಬ್ಬ.

ಯೇಸುಸ್ವಾಮಿ ಹೇಳಿದ ವಿಧವೆಯ ಸಾಮತಿಯೂ ಹೀಗೆಯೇ. ನ್ಯಾಯ ಕೊಡದ ನ್ಯಾಯಾಧೀಶನ ಬಾಗಿಲಿಗೆ ಅವಳು ದಿನಾ ಹೋದಳು, ಅವನು ಬೇಸತ್ತು ಕೊನೆಗೆ ನ್ಯಾಯ ಕೊಟ್ಟ. 2019ರ ಪ್ರವಾಹದ ನಂತರ ಸರ್ಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಯಾರ ಮನೆ 'ಎ' ವರ್ಗ, ಯಾರದು 'ಬಿ', ಯಾರದು 'ಸಿ' ಎಂದು ಪಂಚಾಯತಿಯಿಂದ ತಹಸೀಲ್ದಾರ ಕಚೇರಿಗೆ ಅಲೆದವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಆ ವಿಧವೆಯ ಕಥೆ ಓದಿ ಹೇಳಿದಾಗ ನಮ್ಮ ಸಂಘಗಳಲ್ಲಿ ಎಲ್ಲರೂ ನಗುತ್ತಾರೆ, "ಇಕಿ ನಮ್ಮಕಿನ ಬಿಡ್ರಿ" ಅನ್ನುತ್ತಾರೆ. ಪ್ರಾರ್ಥನೆಯನ್ನು ಬಿಡಬಾರದು ಎಂದು ಹೇಳಲು ಯೇಸುಸ್ವಾಮಿ ಅಲೆದಾಡುವ ಹೆಣ್ಣಿನ ಉದಾಹರಣೆಯನ್ನೇ ಆರಿಸಿಕೊಂಡರು ಎಂಬುದು ನಮಗೆ ಬಹಳ ಸಮಾಧಾನ ಕೊಡುತ್ತದೆ.

ಸಾಲ, ಜುಬಿಲಿ, ಮತ್ತು ಬಾಗಿಲ ಮುಂದೆ ಕೂರುವವರು

2024ರ ಡಿಸೆಂಬರ 24ರಂದು ಫ್ರಾನ್ಸಿಸರು ಭರವಸೆಯ ಜುಬಿಲಿ ವರ್ಷ ಆರಂಭಿಸಿದರು. ಅವರು 2025ರ ಏಪ್ರಿಲ್ 21ರಂದು, ಪಾಸ್ಕದ ಮರುದಿನ ತೀರಿಕೊಂಡರು. ಅವರ ನಂತರ ಬಂದ ಹದಿನಾಲ್ಕನೆಯ ಲಿಯೋ ಅವರು 2026ರ ಜನವರಿ 6ರಂದು ಜುಬಿಲಿಯನ್ನು ಮುಗಿಸಿದರು. ಜುಬಿಲಿ ಎಂದರೆ ಬರೀ ಹಬ್ಬ, ಯಾತ್ರೆ ಅಲ್ಲ. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದ ಪ್ರಕಾರ ಐವತ್ತನೇ ವರ್ಷ ಬಂದರೆ ಮಾರಿಕೊಂಡ ಹೊಲ ಮೂಲದ ಮನೆತನಕ್ಕೆ ವಾಪಸ್ ಹೋಗಬೇಕು, ಬಡತನದಿಂದ ಆಳಾಗಿ ದುಡಿಯಲು ಸೇರಿದವನು ತನ್ನ ಮನೆಗೆ ಹೋಗಬೇಕು. ಅಂದರೆ ದೇವರ ಕರುಣೆ ಅನ್ನುವುದು ಸಾಲದ ಪುಸ್ತಕದ ತನಕ ಬರುತ್ತದೆ. ಬಡ ದೇಶಗಳ ಸಾಲ ಮನ್ನಾ ಮಾಡಿರಿ ಎಂದು ಫ್ರಾನ್ಸಿಸರು ಶ್ರೀಮಂತ ದೇಶಗಳನ್ನು ಕೇಳಿಕೊಂಡದ್ದೂ ಇದೇ ಕಾರಣಕ್ಕೆ.

ಈಗ ನಮ್ಮ ಓಣಿಗೆ ಬರೋಣ. ಒಂದು ಸಂಘದ ಸಾಲ, ಎರಡು ಮೈಕ್ರೋ ಫೈನಾನ್ಸ್ ಸಾಲ, ಅದನ್ನು ತೀರಿಸಲು ಇನ್ನೊಂದು. ವಾರ ವಾರ ಕಂತು. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರನ್ನೇ ಅವಳ ಮನೆಯ ಮುಂದೆ ರಾತ್ರಿಯ ತನಕ ಕೂರಿಸುತ್ತಾರೆ. "ನೀ ಕಟ್ಟೂ ತನಕಾ ನಾವೂ ಮನೀಗೆ ಹೋಗಂಗಿಲ್ಲ" ಎಂದು ಗೆಳತಿಯರೇ ಹೇಳುವ ಪರಿಸ್ಥಿತಿ ತರುತ್ತಾರೆ. ಬೇರೆಯವರು ಬೈದರೆ ತಡೆಯಬಹುದು, ಒಂದೇ ಬಾವಿಯ ನೀರು ತರುವವಳು ಬೈದರೆ ಹೇಗೆ ತಡೆಯುವುದು?

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಒಂದು ಸಾಲದ ಕಥೆ ಹೇಳಿದ್ದಾರೆ. ಒಬ್ಬ ಸೇವಕ ರಾಜನಿಗೆ 10,000 ತಲೆಂತು ಸಾಲ ಕೊಡಬೇಕಿತ್ತು. ಒಂದು ತಲೆಂತು ಅಂದರೆ ಸುಮಾರು 6,000 ದಿನದ ಕೂಲಿ. ಏಳು ಜನ್ಮಕ್ಕೂ ತೀರದ ಸಾಲ. ಅವನು ಕಾಲಿಗೆ ಬಿದ್ದ, ರಾಜ ಕರುಳು ಕರಗಿ ಪೂರ್ತಿ ಬಿಟ್ಟುಬಿಟ್ಟ. ಅದೇ ಸೇವಕ ಹೊರಗೆ ಬಂದವನೇ ತನಗೆ 100 ದಿನಾರಿ, ಅಂದರೆ 100 ದಿನದ ಕೂಲಿ, ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಜೈಲಿಗೆ ಹಾಕಿಸಿದ. ರಾಜನಿಗೆ ಗೊತ್ತಾದಾಗ ಬಹಳ ಸಿಟ್ಟು ಬಂತು. ಈ ಕಥೆಯಲ್ಲಿ 100 ದಿನದ ಕೂಲಿ ಸಣ್ಣ ಮೊತ್ತವೇನೂ ಅಲ್ಲ, ಬಡವನಿಗೆ ಅದು ದೊಡ್ಡದೇ. ಯೇಸು ಅದನ್ನು ಬಲ್ಲವರು. ಆದರೂ ಕುತ್ತಿಗೆ ಹಿಡಿಯುವ ಮೊದಲು ನಮಗೆ ಎಷ್ಟು ಬಿಡಲಾಗಿದೆ ಎಂದು ನೆನೆಯಿರಿ ಎಂದರು.

ಹಾಗೆಂದು ಸಂಘದ ಸಾಲ ಕಟ್ಟುವುದು ಬೇಡ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು! ಸಂಘದ ದುಡ್ಡು ಎಲ್ಲರ ಬೆವರಿನ ದುಡ್ಡು. ಶಕ್ತಿ ಇದ್ದೂ ಕಟ್ಟದಿರುವುದು ಉಳಿದ ಹತ್ತೊಂಬತ್ತು ಜನರಿಗೆ ಮಾಡುವ ಅನ್ಯಾಯ. ಆದರೆ ಗಂಡ ಆಸ್ಪತ್ರೆಯಲ್ಲಿ ಇದ್ದವಳಿಗೆ, ಬೆಳೆ ಕೊಚ್ಚಿಹೋದವಳಿಗೆ ಕಂತು ಮುಂದೂಡುವುದು, ಬಡ್ಡಿ ಬಿಡುವುದು, ಸಣ್ಣ ಕಂತು ಮಾಡಿಕೊಡುವುದು ಸಂಘದ ಕೈಯಲ್ಲೇ ಇದೆ. ಠರಾವು ಬರೆದು ಮಾಡಿರಿ, ಗುಟ್ಟಾಗಿ ಬೇಡ. ಮೈಕ್ರೋ ಫೈನಾನ್ಸಿನವರು ಕರೆದರೂ ಗೆಳತಿಯ ಬಾಗಿಲ ಮುಂದೆ ಕೂರಲು ಹೋಗಬೇಡಿರಿ. ಇದು ನಮ್ಮ ಗಟ್ಟಿಯಾದ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ ಎಂಬುದೂ ಗೊತ್ತಿರಲಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮಗಳ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲಕ್ಕೆ ಅಡವು ಕೇಳುವಂತಿಲ್ಲ. ಒಂದು ಕುಟುಂಬದ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ವಸೂಲಿಗೆ ಬೆಳಿಗ್ಗೆ 9 ಗಂಟೆಗೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರು-ಗೆಳತಿಯರನ್ನು ಕಾಡುವಂತಿಲ್ಲ, ಸಾಲಗಾರರ ಹೆಸರು ಬಯಲಿಗೆ ಹಾಕುವಂತಿಲ್ಲ. ದೂರಿಗೆ ರಿಸರ್ವ್ ಬ್ಯಾಂಕಿನ ಸಂಖ್ಯೆ 14448. ಇನ್ನು, 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ, ನಮ್ಮ ಬೆಳಗಾವಿಯಿಂದಲೂ, ವಸೂಲಿ ಕಾಟದ ಸುದ್ದಿಗಳು ಬಂದ ಮೇಲೆ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ ಇದೆ. ದೂರು ತೆಗೆದುಕೊಳ್ಳುವುದಿಲ್ಲ ಎಂದು ಪೊಲೀಸರು ಹೇಳುವಂತಿಲ್ಲ. ಒಬ್ಬಳೇ ಹೋಗಬೇಡಿರಿ, ಸಂಘದ ನಾಲ್ಕು ಜನ ಹೋಗಿರಿ.

ಜೀವ ಬೇಡ ಅನ್ನಿಸಿದವರಿಗೆ

ಇದನ್ನು ಬರೆಯಲು ಕಷ್ಟ ಆಗುತ್ತದೆ, ಆದರೆ ಬರೆಯಲೇಬೇಕು. ಸಾಲ, ಅವಮಾನ, ಮನೆಯ ಕಾಟ ತಾಳಲಾರದೆ ಜೀವ ತೆಗೆದುಕೊಂಡವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರ ಮನೆಯವರು ಕೇಳುತ್ತಾರೆ, "ಅಕಿಗೆ ದೇವರ ಕರುಣೆ ಸಿಗತೈತೇನ್ರಿ?" ಹೌದು, ಭರವಸೆ ಇದೆ. ಜೀವ ದೇವರ ಕೊಡುಗೆ, ಅದನ್ನು ತೆಗೆದುಕೊಳ್ಳಲು ನಮಗೆ ಹಕ್ಕಿಲ್ಲ ಎಂದು ಧರ್ಮಸಭೆ ಕಲಿಸುತ್ತದೆ. ಅದರ ಜೊತೆಗೇ, ತಡೆಯಲಾರದ ಭಯ, ಮನಸ್ಸಿನ ಕಾಯಿಲೆ, ಸಂಕಟ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆ, ಅಂಥವರ ಮುಕ್ತಿಯ ಬಗ್ಗೆ ನಾವು ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂದೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿದೆ. ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಿವೆ. ಆದ್ದರಿಂದ ಅಂಥ ಮನೆಯವರನ್ನು ಬೆರಳು ಮಾಡಿ ತೋರಿಸಬೇಡಿರಿ, ಅವರ ಮಕ್ಕಳನ್ನು ಬೇರೆ ಕೂರಿಸಬೇಡಿರಿ.

ಈಗ ಬದುಕಿದ್ದು ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ, ಇವತ್ತೇ ಒಬ್ಬರಿಗೆ ಹೇಳಿರಿ. ಸಂಘದ ಪ್ರತಿನಿಧಿಗೆ, ಆಶಾ ಅಕ್ಕನಿಗೆ, ನಮಗೆ, ಯಾರಿಗಾದರೂ ಸರಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ. ಗೆಳತಿಯೊಬ್ಬಳು ಎರಡು ಸಭೆಗೆ ಬರಲಿಲ್ಲ ಎಂದರೆ ದಂಡ ಬರೆಯುವ ಮೊದಲು ಅವಳ ಮನೆಗೆ ಹೋಗಿ ಬನ್ನಿರಿ. "ಯಾಕ ಬರಲಿಲ್ಲ?" ಅನ್ನಬೇಡಿರಿ, "ಹೆಂಗದೀ ತಂಗಿ?" ಅನ್ನಿರಿ.

ಮುಂದಿನ ತಿಂಗಳ ಸಭೆಗೆ ಬರುವಾಗ ಎಲ್ಲರೂ ನಿಮ್ಮ ಎಲ್ಲಾ ಸಾಲದ ಕಾರ್ಡು, ಪಾಸ್‌ಬುಕ್ಕು, ರಸೀದಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿರಿ. ಎಷ್ಟು ಸಾಲ, ಎಷ್ಟು ಬಡ್ಡಿ, ಎಷ್ಟು ಕಟ್ಟಿದ್ದೀರಿ ಎಂದು ಕೂತು ಬರೆಯೋಣ. ಓದಲು ಬಾರದವರು ಹತ್ತನೇ ಇಯತ್ತೆ ಓದುವ ಮಗಳನ್ನೋ ಮೊಮ್ಮಗಳನ್ನೋ ಜೊತೆಗೆ ಕರೆತನ್ನಿರಿ. ಚಹಾದ ವ್ಯವಸ್ಥೆ ನಮ್ಮದು.